ಎಲ್ ಬೋರ್ಡಿನ ಗಗನ ಸೈನಿಕ

ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಊರು ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಅದರಲ್ಲಿ ತಮಾಷೆಯೇನೂ ಇರಲಿಲ್ಲ, ಅವರ ಕೆಲಸವೇ ಅದು. ಇಪ್ಪತ್ತಾರು ವರ್ಷಗಳಿಂದ ಅವರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬಳಿ ಇದ್ದ ಎರಡನೇ ಬ್ರೇಕನ್ನು ತುಳಿಯುತ್ತ ಬಂದಿದ್ದರು. ಅವರ ಬಲಗಾಲಿನ ಬೂಟು ಎಡಗಾಲಿನದಕ್ಕಿಂತ ಆರು ತಿಂಗಳು ಮೊದಲೇ ಸವೆಯುತ್ತಿತ್ತು. ಮನೆಯಲ್ಲಿ ಯಾರಾದರೂ ನೀರಿನ ಜಗ್ಗನ್ನು ಮೇಜಿನ ಅಂಚಿಗೆ ಸರಿಸಿದರೂ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು.

ಅವರ ಹೆಂಡತಿ ದರ್ಜಿ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಶಿನ್ನು ಇಟ್ಟುಕೊಂಡು ಶಾಲೆಯ ಸಮವಸ್ತ್ರ, ನರ್ಸುಗಳ ಕೋಟು ಹೊಲಿಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಒಮ್ಮೆ ಅವರಿಗೂ ಕಾರು ಕಲಿಸಲು ಹೊರಟಿದ್ದುಂಟು. ಇಪ್ಪತ್ತು ನಿಮಿಷದಲ್ಲಿ ನಲವತ್ತೊಂದು ಸಲ ಬ್ರೇಕ್ ತುಳಿದರು. ಲೆಕ್ಕ ಇಟ್ಟವರು ಹೆಂಡತಿ. ನಲವತ್ತೆರಡನೆಯದಕ್ಕೆ ಅವರು ಕಾರು ನಿಲ್ಲಿಸಿ, ಇಳಿದು, ಬಾಗಿಲನ್ನು ಮೆತ್ತಗೆ ಹಾಕಿ, ಮನೆಗೆ ನಡೆದುಬಿಟ್ಟರು. ಹಿತ್ತಲ ಗಿಡ ಮದ್ದಲ್ಲ ಎಂದು ಇಬ್ಬರೂ ಬೇರೆಬೇರೆಯಾಗಿ ತೀರ್ಮಾನಿಸಿಕೊಂಡರು. ಆಮೇಲೆ ಆ ಮನೆಯಲ್ಲಿ ಆ ಮಾತು ಬಂದದ್ದಿಲ್ಲ.

ಮೇಷ್ಟ್ರಿಗೆ ಐವತ್ತೆರಡಾದ ವರ್ಷ, ಒಂದು ಶನಿವಾರ ಬೆಳಿಗ್ಗೆ, ಅವರ ಕಾರು ವಸ್ತುಪ್ರದರ್ಶನ ಭವನದ ಮುಂದಿನ ಸಿಗ್ನಲ್ಲಿಗೆ ಬಂದಿತ್ತು. ಭವನದಲ್ಲಿ ಅಂದು ಸಿನಿಮಾ, ಕಾಮಿಕ್ಸ್ ಪಾತ್ರಗಳ ವೇಷ ಕಟ್ಟುವವರ ಮೇಳ. ರೆಕ್ಕೆ ಕಟ್ಟಿಕೊಂಡವರು, ನೀಲಿ ಕೂದಲಿನವರು, ಬಾಲದವರು, ಎಲ್ಲರೂ ಕೆಂಪು ದೀಪ ಗೀಪ ನೋಡದೆ ಹಿಂಡುಹಿಂಡಾಗಿ ರಸ್ತೆಗೆ ನುಗ್ಗುತ್ತಿದ್ದರು. ಮೇಷ್ಟ್ರ ಕಾಲು ಮೂರು ಸಲ ಒತ್ತಿತು. ಆ ಗುಂಪಿನ ಹಿಂದೆ ಒಬ್ಬ ಮಾತ್ರ ಪಾದಚಾರಿ ಪಟ್ಟೆಯ ಅಂಚಿನಲ್ಲಿ ನಿಂತಿದ್ದ. ಅಡಿಯಿಂದ ಮುಡಿಯವರೆಗೆ ಬೂದುಬಣ್ಣದ ಕವಚ. ಬೇರೆ ಯಾವುದೋ ಗ್ರಹದಿಂದ ಯುದ್ಧಕ್ಕೆ ಬಂದವನ ಹಾಗಿದ್ದ. ಪಾದಚಾರಿಗಳ ಹಸಿರು ದೀಪ ಬರುವವರೆಗೆ ಕಾದ. ಬಂದ ಮೇಲೆ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ ನೋಡಿ ದಾಟಿದ.

ಮೇಷ್ಟ್ರಿಗೆ ಎದೆ ತುಂಬಿಬಂತು. ಕಾರನ್ನು ಪಕ್ಕಕ್ಕೆ ಹಾಕಿಸಿ, ಶಿಷ್ಯನನ್ನು ಅಲ್ಲೇ ಕೂರಿಸಿ, ಆ ಸೈನಿಕನ ಬೆನ್ನು ಹತ್ತಿದರು.

"ಸ್ವಾಮೀ, ಇದನ್ನ ಎಲ್ಲಿ ಕೊಂಡ್ರಿ?"

ಸೈನಿಕ ಶಿರಸ್ತ್ರಾಣ ತೆಗೆದ. ಒಳಗಿದ್ದದ್ದು ಮೇಷ್ಟ್ರ ವಯಸ್ಸಿನದೇ ಒಂದು ಬೋಳುತಲೆ, ಬೆವರು ಸುರಿಯುತ್ತಿತ್ತು.

"ಕೊಂಡಿದ್ದಲ್ಲ, ನಾನೇ ಮಾಡಿದ್ದು. ಜಿಮ್ಮಲ್ಲಿ ನೆಲಕ್ಕೆ ಹಾಸ್ತಾರಲ್ಲ ಫೋಮ್ ಶೀಟು, ಅದೇ. ಚಪ್ಪಲಿ ಅಂಟಿಸೋ ಗಮ್ಮು. ಅಷ್ಟೇ. ನೀವೂ ಮಾಡ್ಬಹುದು."

'ನೀವೂ ಮಾಡಬಹುದು' ಎಂದು ಮೇಷ್ಟ್ರು ಸಾವಿರಾರು ಜನಕ್ಕೆ ಹೇಳಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ.

ಮರುವಾರ ಮನೆಗೆ ಎಂಟು ಕಪ್ಪು ಶೀಟುಗಳು ಬಂದವು. ಮೇಷ್ಟ್ರು ಊಟದ ಮೇಜಿನ ಮೇಲೆ ಅವನ್ನು ಹರಡಿ, ಹಳೆಯ ಪತ್ರಿಕೆಗಳಲ್ಲಿ ಎದೆ, ಬೆನ್ನು, ತೊಡೆ ಎಂದು ನಮೂನೆ ಕತ್ತರಿಸತೊಡಗಿದರು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು.

"ಏನ್ರೀ ಇದು?"

"ಕವಚ ಕಣೇ."

"ಯಾರ್ ಜೊತೆ ಜಗಳ?"

"ಯಾರ್ ಜೊತೆನೂ ಇಲ್ಲ. ಹಾಕ್ಕೊಳೋಕೆ."

ಹೆಂಡತಿ ಕೊರಳಲ್ಲಿದ್ದ ಟೇಪು ಕೈಗೆ ತೆಗೆದುಕೊಂಡರು. "ಅಳತೆ ತಗೊಳ್ಲಾ?"

"ನನ್ನಳತೆ ನನಗ್ ಗೊತ್ತಿಲ್ವಾ? ಸೊಂಟ ಮೂವತ್ನಾಲ್ಕು."

ಮೂವತ್ತನಾಲ್ಕು ಇದ್ದದ್ದು ಮದುವೆಯ ಪ್ಯಾಂಟಿಗೆ. ಹೆಂಡತಿಗೆ ಅದು ಗೊತ್ತಿತ್ತು, ಆ ಪ್ಯಾಂಟನ್ನು ನಾಲ್ಕು ಸಲ ಬಿಚ್ಚಿ ಹಿಗ್ಗಿಸಿದವರೇ ಅವರು. ಆದರೂ ಮಿಶಿನ್ನಿಗೆ ಮರಳಿದರು.

ಹೊಸಬ ಮಾಡಬಹುದಾದ ತಪ್ಪುಗಳನ್ನೆಲ್ಲ ಮೇಷ್ಟ್ರು ಒಂದನ್ನೂ ಬಿಡದೆ ಮಾಡಿದರು. ಮೊಂಡು ಬ್ಲೇಡಿನಲ್ಲಿ ಕತ್ತರಿಸಿದ್ದರಿಂದ ಅಂಚುಗಳು ಇಲಿ ಕಡಿದಂತಾದವು. ಗಮ್ಮನ್ನು ಎರಡೂ ಬದಿಗೆ ಹಚ್ಚಿ ಹತ್ತು ನಿಮಿಷ ಆರಲು ಬಿಡಬೇಕು, ಆಮೇಲೆ ಜೋಡಿಸಬೇಕು. ಅವರು ಹಸಿಯಲ್ಲೇ ಜೋಡಿಸಿ, ಮರುದಿನ ಮುಟ್ಟಿದರೆ ಎಲ್ಲ ಬಿಟ್ಟುಕೊಂಡಿತ್ತು. ಎರಡನೇ ಸಲ ಸರಿಯಾಗಿ ಆರಿಸಿ ಜೋಡಿಸಿದರು. ಆಗ ಸೊಟ್ಟಗೆ ಕೂತಿತು, ಅದು ಮಾತ್ರ ಬಿಡಲೇ ಇಲ್ಲ. ಫೋಮಿಗೆ ಬಿಸಿಗಾಳಿ ಕೊಟ್ಟು ಬಗ್ಗಿಸಬೇಕೆಂದು ಹೆಂಡತಿಯ ಹೇರ್ ಡ್ರೈಯರನ್ನು ಒಂದು ಗಂಟೆ ಬಿಡದೆ ಓಡಿಸಿದರು. ಡ್ರೈಯರ್ ಸುಟ್ಟಿತು, ಫೋಮ್ ಹಾಗೇ ಇತ್ತು. ಭುಜದಿಂದ ಮಣಿಕಟ್ಟಿನವರೆಗಿನ ತೋಳಿನ ಕವಚ ಎರಡು ಭಾನುವಾರ ತೆಗೆದುಕೊಂಡಿತು. ಮುಗಿಸಿ ನೋಡಿದರೆ ಎರಡೂ ಎಡಗೈಯವು.

"ನಮೂನೆ ತಿರುಗಿಸಿ ಇಟ್ಕೋಬೇಕು, ರೀ. ಒಂದು ಎಡ, ಒಂದು ಬಲ," ಎಂದರು ಹೆಂಡತಿ.

"ಅದ್ ಗೊತ್ತು."

"ಗೊತ್ತಿದ್ರೆ ಸರಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವರು ಮೇಷ್ಟ್ರು. ಆದರೆ ಎದೆ ಕವಚ ಮುಗಿದು ತೊಡಲು ಹೋದ ದಿನ ಅದು ಹೊಟ್ಟೆಯ ಮೇಲೆ ಬಂದು ನಿಂತುಬಿಟ್ಟಿತು. ಉಸಿರು ಒಳಗೆಳೆದು ನೋಡಿದರು, ಗೋಡೆಗೆ ಒರಗಿ ನೋಡಿದರು. ಮೂವತ್ತನಾಲ್ಕರ ಕವಚದೊಳಗೆ ನಲವತ್ತೊಂದರ ಮನುಷ್ಯ ಹೋಗಲಿಲ್ಲ. ಕೊನೆಗೆ ಅವರು ಮುಂದಿನ ಕೋಣೆಗೆ ಹೋಗಿ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ಗಿರಾಕಿಯಂತೆ ನಿಂತು, ಕೈ ಎರಡೂ ಎತ್ತಿದರು.

ಹೆಂಡತಿ ಟೇಪು ಹಿಡಿದು ಅಳೆದರು. ಸಂಖ್ಯೆಗಳನ್ನು ಜೋರಾಗಿ ಹೇಳದೆ ಬರೆದುಕೊಂಡರು. ಮೇಷ್ಟ್ರಿಗೆ ಆ ಉಪಕಾರ ಅರ್ಥವಾಯಿತು.

ಅಲ್ಲಿಂದ ಕೆಲಸ ದಾರಿಗೆ ಬಂತು. ಹೆಂಡತಿ ಪಕ್ಕೆಗಳಲ್ಲಿ ಅಗಲದ ಎಲಾಸ್ಟಿಕ್ ಕೊಟ್ಟರು, ಭುಜಕ್ಕೆ ವೆಲ್ಕ್ರೋ ಪಟ್ಟಿ ಹೊಲಿದರು. ಬಣ್ಣ ಬಳಿಯುವ ಮೊದಲು ನೀರು ಬೆರೆಸಿದ ಬಿಳಿ ಗಮ್ಮನ್ನು ನಾಲ್ಕು ಸಲ ಹಚ್ಚಿದರೆ ಫೋಮ್ ಬಣ್ಣ ಕುಡಿಯುವುದಿಲ್ಲ ಎಂಬುದನ್ನು ಮೇಷ್ಟ್ರು ಒಂದಿಡೀ ಡಬ್ಬಿ ಬೂದುಬಣ್ಣ ಕುಡಿಸಿದ ಮೇಲೆ ಕಲಿತರು. ಶಿರಸ್ತ್ರಾಣಕ್ಕೆ ಹಳೆಯ ಹೆಲ್ಮೆಟ್ಟು. ಎರಡು ಭುಜಗಳ ಮೇಲೂ ಸ್ಕೂಟರಿನ ಇಂಡಿಕೇಟರ್ ದೀಪ ಕೂರಿಸಿ, ಬೆರಳ ತುದಿಗೆ ಸ್ವಿಚ್ಚು ತಂದರು.

"ಸೈನಿಕನಿಗೆ ಇಂಡಿಕೇಟರ್ ಯಾಕೆ?"

"ತಿರುಗೋದು ಹಿಂದಿನವರಿಗೆ ಹೇಗೆ ಗೊತ್ತಾಗ್ಬೇಕು?"

ಕಡೆಯದಾಗಿ ಮೇಷ್ಟ್ರು ಬೆನ್ನಿನ ಮೇಲೆ ಬಿಳಿ ಚೌಕ ಬಳಿದು, ಅದರಲ್ಲಿ ಕೆಂಪು ಎಲ್ ಬರೆದರು. ಮೊದಲನೇ ಸಲ ಕವಚ ಹಾಕುವವನು ಕಲಿಯುವವನೇ ತಾನೆ. ನಿಯಮ ಎಲ್ಲರಿಗೂ ಒಂದೇ.

ಮುಂದಿನ ವರ್ಷದ ಮೇಳದ ಬೆಳಿಗ್ಗೆ ತೊಡಿಸುವ ಕೆಲಸಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಕೊನೆಯ ಗಳಿಗೆಯಲ್ಲಿ ಭುಜದ ವೆಲ್ಕ್ರೋ ಕೈಕೊಟ್ಟಿತು. ಹೆಂಡತಿ ಸೂಜಿ ದಾರ ತಂದು, ಗಂಡನನ್ನು ನಿಲ್ಲಿಸಿಯೇ ಪಟ್ಟಿಗಳನ್ನು ಹೊಲಿದುಬಿಟ್ಟರು. "ಇನ್ನು ಸಂಜೆ ಕತ್ತರಿಲೇ ಬಿಚ್ಬೇಕು," ಎಂದು ಹಲ್ಲಿನಿಂದ ದಾರ ಕಡಿದರು.

ಹೊರಗೆ ಬಂದ ಮೇಲೆ ಗೊತ್ತಾಯಿತು, ಮೇಷ್ಟ್ರು ಕಾರಿನಲ್ಲಿ ಕೂರುವಂತಿರಲಿಲ್ಲ. ಚಾಲಕನ ಸೀಟಿನಲ್ಲಿ ತೊಡೆಯ ಕವಚ ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು. ಪಕ್ಕದ ಸೀಟಿನಲ್ಲಿ ಮೊಣಕಾಲು ಮಡಚಲಿಲ್ಲ. ಕರೆಸಿದ ಟ್ಯಾಕ್ಸಿಯವನು ರಸ್ತೆಯ ತಿರುವಿನಿಂದಲೇ ನೋಡಿ ಹಾಗೇ ಹಿಂದಕ್ಕೆ ಹೋದ. ಹಿಂದಿನ ಸೀಟಿನಲ್ಲಿ, ಮುಂದಿನ ಸೀಟನ್ನು ಪೂರ್ತಿ ಮುಂದೆ ತಳ್ಳಿ, ಓರೆಯಾಗಿ ಮಲಗಿಸಿದಾಗ ಮಾತ್ರ ಮೇಷ್ಟ್ರು ಒಳಗೆ ಹಿಡಿಸಿದರು. ಅಲ್ಲಿ ಬ್ರೇಕ್ ಇರಲಿಲ್ಲ.

"ಈಗ ಓಡಿಸೋರ್ಯಾರು?" ಶಿರಸ್ತ್ರಾಣದೊಳಗಿಂದ ಮೇಷ್ಟ್ರ ದನಿ ಬಾವಿಯಿಂದ ಬಂದಂತೆ ಬಂತು.

ಹೆಂಡತಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಮನೆಯ ಬೀಗದ ಕೈ, ಒಂದು ಬಾಟಲಿ ನೀರು, ಉದ್ದದ ಸ್ಟ್ರಾ, ಕತ್ತರಿ, ಜೊತೆಗೆ ಒಂದು ಪುಟ್ಟ ಕಾರ್ಡು ಇದ್ದವು. ಕಾರ್ಡನ್ನು ಗಂಡನ ಕಣ್ಣಿನ ಗಾಜಿನ ಮುಂದೆ ಹಿಡಿದರು. ಲೈಸೆನ್ಸು. ಹನ್ನೊಂದು ವರ್ಷ ಹಳೆಯದು, ಒಮ್ಮೆ ನವೀಕರಿಸಿದ್ದು ಬೇರೆ.

ಮೇಷ್ಟ್ರು ಅದನ್ನು ಎರಡು ಸಲ ಓದಿದರು.

"ಯಾರ್ ಹತ್ರ ಕಲಿತೆ?"

"ರೈಲ್ವೆ ಗೇಟಿನ ಹತ್ರ ಇದೆಯಲ್ಲ, ಹಾರ್ನ್ ಮೇಷ್ಟ್ರ ಶಾಲೆ. ಅಲ್ಲಿ."

ಹಾರ್ನ್ ಮೇಷ್ಟ್ರು ಊರಿನ ಇನ್ನೊಂದು ಡ್ರೈವಿಂಗ್ ಶಾಲೆಯವರು. ಇಬ್ಬರು ಮೇಷ್ಟ್ರುಗಳೂ ಇಪ್ಪತ್ತು ವರ್ಷದಿಂದ ಮುಖಕ್ಕೆ ಮುಖ ಕೊಟ್ಟು ಮಾತಾಡಿರಲಿಲ್ಲ.

"ಯಾವಾಗ?"

"ಪ್ರತಿ ಮಂಗಳವಾರ ಬಟ್ಟೆ ತರ್ತೀನಿ ಅಂತ ಹೋಗ್ತಿದ್ನಲ್ಲ."

"ಬಟ್ಟೆ ತರ್ತಿದ್ದೆಯಲ್ಲ!"

"ಬಟ್ಟೆನೂ ತಂದೆ," ಎಂದು ಹೆಂಡತಿ ಸೀಟು ಸರಿಮಾಡಿಕೊಂಡು, ಕನ್ನಡಿ ತಿರುಗಿಸಿಕೊಂಡು, ಬೆಲ್ಟು ಹಾಕಿಕೊಂಡು ಕಾರು ಎಬ್ಬಿಸಿದರು.

ಭವನಕ್ಕೆ ಒಂಬತ್ತು ಕಿಲೋಮೀಟರು. ಮೇಷ್ಟ್ರಿಗೆ ರಸ್ತೆ ಕಾಣುತ್ತಿರಲಿಲ್ಲ. ಕಟ್ಟಡಗಳ ಮೇಲಿನ ಮಹಡಿಗಳು, ತಂತಿಗಳು, ನೀರಿನ ಟ್ಯಾಂಕುಗಳು ಮಾತ್ರ ಸರಿಯುತ್ತಿದ್ದವು. ಪ್ರತಿ ತಿರುವಿಗೂ ಅವರ ಬಲಗಾಲು ಬಾಗಿಲನ್ನು ಒದೆಯಿತು. ನಾಲ್ಕನೇ ಕಿಲೋಮೀಟರಿಗೆ ಬೂಟಿನ ಫೋಮ್ ಅಟ್ಟೆ ಕಿತ್ತುಬಂತು.

"ಕಾಲ್ ಸುಮ್ನಿಡಿ."

"ಮೂರನೇ ಗೇರ್ ಬೇಗ ಹಾಕ್ದೆ."

"ನಮ್ ಮೇಷ್ಟ್ರು ಹೀಗೇ ಹೇಳ್ಕೊಟ್ಟಿದ್ದು."

ಆ ಮಾತಿಗೆ ಕವಚ ಯಾವ ರಕ್ಷಣೆಯನ್ನೂ ಕೊಡಲಿಲ್ಲ. ಆದರೆ ಆರನೇ ಕಿಲೋಮೀಟರಿನ ಹೊತ್ತಿಗೆ ಮೇಷ್ಟ್ರು ಒಂದು ಸಂಗತಿ ಗಮನಿಸಿದರು. ಕಾರು ಎಲ್ಲೂ ಕುಲುಕಿರಲಿಲ್ಲ. ಕ್ಲಚ್ಚು ಬಿಡುವುದು ಬೆಣ್ಣೆಯಿಂದ ಕೂದಲೆಳೆದಂತಿತ್ತು. ಅವರು ಕಾಲು ಚಾಚಿ ಮಲಗಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕಾರಿನಲ್ಲಿ ಅವರಿಗೆ ನಿದ್ದೆ ಬಂತು.

ಮೇಳದಲ್ಲಿ ಮೇಷ್ಟ್ರು ಐದು ಗಂಟೆ ನಿಂತರು, ಕೂರಲು ಬರುತ್ತಿರಲಿಲ್ಲವಲ್ಲ. ಉಸಿರಿಗೆ ಗಾಜು ಮಂಜುಗಟ್ಟಿ ಎದುರಿನ ಜನ ಬಿಳಿ ಮುದ್ದೆಗಳಂತೆ ಕಂಡರು. ನೋಂದಣಿಯ ಹುಡುಗಿ, "ಯಾವ ಪಾತ್ರ, ಸರ್?" ಎಂದಳು. ಮೇಷ್ಟ್ರು ಅದನ್ನು ಯೋಚಿಸಿರಲಿಲ್ಲ. "ಕಲಿಯುವವನು," ಎಂದರು. ಅವಳು ಹಾಗೇ ಬರೆದುಕೊಂಡಳು. ಬಾಗಿಲ ಕಾವಲುಗಾರ ಮೂರು ಸಲ ಬಂದು ಬಲಗಡೆಯ ಇಂಡಿಕೇಟರ್ ಹಾಕಿಸಿ ನೋಡಿದ. ನಾಲ್ಕನೇ ಸಲ ತನ್ನ ಮೇಲಧಿಕಾರಿಯನ್ನೂ ಕರೆತಂದ, ಆಗ ದೀಪ ಹತ್ತಲಿಲ್ಲ. ವೇದಿಕೆಗೆ ಕರೆದಾಗ ಮೇಷ್ಟ್ರು ಎಡಗಡೆಯ ದೀಪ ಹಾಕಿ, ಎಡಕ್ಕೆ ತಿರುಗಿ, ಹೆಂಡತಿಯ ಕೈ ಹಿಡಿದು ಮೆಟ್ಟಿಲು ಹತ್ತಿದರು. ತೀರ್ಪುಗಾರರು ಚಪ್ಪಾಳೆ ತಟ್ಟಿದರು. ಬಹುಮಾನ ರೆಕ್ಕೆಯವನಿಗೆ ಹೋಯಿತು. ಒಂದು ತೊಡೆಯ ಕವಚ ಇಳಿಯುವಾಗ ಕಳಚಿ ಬಿತ್ತು. ಹೆಂಡತಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದರು.

ಮರಳುವಾಗಲೂ ಹೆಂಡತಿಯೇ ಓಡಿಸಿದರು. ಮನೆಯ ಮುಂದೆ ಒಂದೇ ಸಲಕ್ಕೆ ಹಿಂದಕ್ಕೆ ತೆಗೆದು ನಿಲ್ಲಿಸಿದಾಗ ಮೇಷ್ಟ್ರು, "ಹೂಂ," ಎಂದರು. ಅವರ ಇಪ್ಪತ್ತಾರು ವರ್ಷದ ಶಿಷ್ಯರಲ್ಲಿ ಆ ಹೂಂ ಕೇಳಿದವರು ನಾಲ್ಕೈದು ಜನ ಇದ್ದಾರು.

ಸೋಮವಾರ ಮಧ್ಯಾಹ್ನ ಮೇಷ್ಟ್ರು ರೈಲ್ವೆ ಗೇಟಿನ ಕಡೆಗೆ ನಡೆದು ಹೋದರು. ಹಾರ್ನ್ ಮೇಷ್ಟ್ರು ಮೇಜಿನ ಹಿಂದೆ ಅರ್ಜಿಗಳಿಗೆ ಮೊಹರು ಹಾಕುತ್ತಿದ್ದರು. ತಲೆ ಎತ್ತಿದವರು ಜಗಳಕ್ಕೆ ಬಂದಿದ್ದಾನೆಂದುಕೊಂಡು ಎದ್ದು ನಿಂತರು.

"ನಮ್ಮನೆಯವಳಿಗೆ ಹಿಂದಿನ ಕನ್ನಡಿ ನೋಡೋದು ಚೆನ್ನಾಗಿ ಕಲಿಸಿದೀರಿ," ಎಂದರು ಬ್ರೇಕ್ ಮೇಷ್ಟ್ರು.

ಹಾರ್ನ್ ಮೇಷ್ಟ್ರು ಮತ್ತೆ ಕೂತರು. "ಕಲಿಸೋಕೇನಿತ್ತು? ಬರೋವಾಗ್ಲೇ ಅರ್ಧ ಬರ್ತಿತ್ತು. ಬ್ರೇಕ್ ಅಂದ್ರೆ ಮಾತ್ರ ಸ್ವಲ್ಪ ಕೋಪ." ಹೇಳಿದ ಮೇಲೆ ಎದುರಿಗಿರುವವರು ಯಾರೆಂದು ನೆನಪಾಗಿ ಚಹಾ ತರಿಸಿದರು.

ಇಬ್ಬರೂ ಚಹಾ ಕುಡಿದರು. ಲೋಟ ಖಾಲಿಯಾದ ಮೇಲೆ ಹಾರ್ನ್ ಮೇಷ್ಟ್ರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಅಲ್ಲ... ನಿಮ್ ಕವಚದ ಸುದ್ದಿ ಊರೆಲ್ಲ ಇದೆ. ಆ ಫೋಮ್ ಶೀಟು. ಎಷ್ಟು ದಪ್ಪದ್ದು ತಗೋಬೇಕು?"

"ಎದೆಗೆ ಹತ್ತು ಮಿಲಿಮೀಟರ್. ತೋಳಿಗೆ ಆರು ಸಾಕು," ಎಂದರು ಬ್ರೇಕ್ ಮೇಷ್ಟ್ರು.

ಹಾರ್ನ್ ಮೇಷ್ಟ್ರು ಒಂದು ಅರ್ಜಿಯನ್ನು ಮಗುಚಿ, ಅದರ ಹಿಂದೆ ಬರೆದುಕೊಂಡರು.