ಉತ್ತರ ಎಲ್ಲೈತ್ರಿ?

ಸವಣೂರು ವೀಳ್ಯದೆಲೆಯ ರಸ ಚೆಲ್ಲದಂತೆ ಕೆಳತುಟಿಯನ್ನು ಬಟ್ಟಲಿನ ಹಾಗೆ ಮುಂದೆ ಚಾಚಿಕೊಂಡೇ ನಮ್ಮ ಸಂಖ್ಯಾಶಾಸ್ತ್ರದ ಸರ್ ಪಾಠ ಮಾಡುತ್ತಿದ್ದರು. ಆ ತುಟಿಯನ್ನು ನಾನು ಕನ್ನಡಿಯ ಮುಂದೆ ನಿಂತು ವರ್ಷವಿಡೀ ಕಲಿತೆ. ಭಕ್ತಿಯಿಂದಲ್ಲ, ಸೇಡಿಗೆ.

ಎಂಬತ್ತರ ದಶಕದ ನಡುವೆ ಶಿಗ್ಗಾವಿಯ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಧಾರವಾಡದಲ್ಲಿ ನೋಡಿ ಬಂದಿದ್ದ ಸರ್ ಬೋರ್ಡಿನ ಮೇಲೆ ಪ್ರೋಗ್ರಾಂ ಬರೆಯುವುದು, ನಾವು ಅದನ್ನು ತಲೆಯಲ್ಲೇ ಓಡಿಸುವುದು. ಕೊಟ್ಟ ಅಂಕಿಗೆ ಲೆಕ್ಕ ಮಾಡಿ ಉತ್ತರ ಕೊಡುವ ಪ್ರೋಗ್ರಾಂ ತುಣುಕಿಗೆ ಫಂಕ್ಷನ್ ಎನ್ನುತ್ತಿದ್ದರು. ಅವತ್ತು ಬರೆದದ್ದು, ಅಂಕಿಯ ಬದಲು ಇನ್ನೊಂದು ಫಂಕ್ಷನ್ನನ್ನೇ ವಾಪಸು ಕೊಡುವ ಫಂಕ್ಷನ್. ಅದಕ್ಕೆ ಹಾನಗಲ್ಲಿನ ಸರಾಸರಿ ಮಳೆಯನ್ನು ಕೊಟ್ಟು ಚಾಕ್‌ಪೀಸ್ ಕೆಳಗಿಟ್ಟರು. ಅಂಕಿ ಬರುತ್ತದೆಂದು ಕಾದು ಕಾದು ನಾನು ಎದ್ದೆ.

"ಸರ್ರೀ, ಉತ್ತರ ಎಲ್ಲೈತ್ರಿ?"

ಸರ್ ಹೊರಗೆ ಹೋಗಿ ಎಲೆ ಉಗುಳಿ ಬಂದು, ಕತ್ತು ಕೊಂಕಿಸಿ, ನನ್ನದೇ ಮೂಗುದನಿಯಲ್ಲಿ ಅದೇ ಮಾತನ್ನು ಹೇಳಿದರು. ಊರನ್ನೆಲ್ಲ ಅಣಕಿಸುತ್ತಿದ್ದ ನನ್ನದೇ ಅಣಕು. ತರಗತಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ನನ್ನ ಹೆಸರೇ "ಉತ್ತರ ಎಲ್ಲೈತ್ರಿ". ಹುಲಗೂರು ಬಸ್ಸಿನ ಕಂಡಕ್ಟರೂ ಹಾಗೇ ಕರೆದ.

ಮೊದಲ ಬೆಂಚಿಗೆ ಬಂದು ಕುಳಿತೆ. ಅವರ ಕೆಮ್ಮು, "ತಿಳೀತೇನು, ತಮ್ಮಾ" ಎಂಬ ರಾಗ, ಒಂದನ್ನೂ ಬಿಡದೆ ನುಂಗಿದೆ. ಕಾಲೇಜಿನ ವಾರ್ಷಿಕ ಗ್ಯಾದರಿಂಗ್ ದಿನ ವೇದಿಕೆ ಹತ್ತಿ ತುಟಿ ಚಾಚಿದೆ. ಪ್ರಾಚಾರ್ಯರೂ ಕಣ್ಣೊರೆಸಿಕೊಂಡು ನಕ್ಕರು. ಸೇಡು ತೀರಿತು ಅನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಸರ್ ಎದ್ದು ನಿಂತರು. ಮತ್ತೆ ನನ್ನದೇ ಮೂಗುದನಿ.

"ಸರ್ರೀ, ಹಾನಗಲ್ಲಿನ ಸರಾಸರಿ ಕೊಟ್ಟೇನ್ರಿ. ಉತ್ತರ ಎಲ್ಲೈತ್ರಿ?"

ನನಗೆ ಗೊತ್ತಿರಲಿಲ್ಲ. ಚಾಚಿದ ತುಟಿಗೆ ಗೊತ್ತಿತ್ತು; ಸರ್ ದನಿಯಲ್ಲೇ ಅದು ಶುರುಮಾಡಿತು.

"ಉತ್ತರ ಇನ್ನೂ ಹುಟ್ಟಿಲ್ಲ, ತಮ್ಮಾ. ನಿನಗ ಸಿಕ್ಕಿದ್ದು ಉತ್ತರ ಹೇಳಾಂವ, ಇನ್ನೊಂದು ಫಂಕ್ಷನ್. ಈ ವರ್ಷದ ಮಳಿ ಅವಗ ಕೊಡು, ಸರಾಸರಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮಿ, ಅಂವನ ಹೇಳ್ತಾನ. ಹಾನಗಲ್ಲಿನ ಸರಾಸರಿ ಅವನ ಹೊಟ್ಟ್ಯಾಗ ಐತಿ. ಅವನ್ನ ಮಾಡಿದಾಂವ ಮುಗದು ಹೋದರೂ ಇರ್ತೈತಿ."

ಹೇಳಿ ಮುಗಿಸಿದ ಮೇಲೆ ನನಗೇ ಅರ್ಥವಾಯಿತು. ಸರ್ ಕುಳಿತುಕೊಂಡು, ಪಕ್ಕದವರ ಕಡೆ ತಿರುಗಿ, "ಕಲತಾನ, ಮಗ" ಎಂದರಂತೆ. ನನ್ನ ಸೇಡಿನ ಕಥೆ ಅಲ್ಲಿಗೇ ಹಾಳಾಯಿತು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹಿರೇಕೆರೂರಿನಲ್ಲಿ ಅದೇ ಪಾಠ ಹೇಳುತ್ತಿದ್ದೆ. ಮರುದಿನ ಹುಡುಗಿಯೊಬ್ಬಳು ಬೋರ್ಡು ನೋಡಿ, ಉತ್ತರ ಎಲ್ಲೈತ್ರಿ ಎಂದಳು. ಎಲೆಯನ್ನೇ ಮುಟ್ಟದ ನನ್ನ ಕೆಳತುಟಿ ತಾನಾಗಿಯೇ ಮುಂದೆ ಬಂತು.

ಸೇಡು ನನ್ನದೆಂದುಕೊಂಡಿದ್ದೆ. ಇನ್ನೂ ಅವರೇ ತೀರಿಸಿಕೊಳ್ಳುತ್ತಿದ್ದಾರೆ.