ಮೆಂಬರಮ್ಮನ ಹಿತ್ತಲ ಬಾವಿ

ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ, ಸೊರಬದ ನಮ್ಮ ಮನೆಯ ನಲ್ಲಿ ತಿರುಗಿಸಿದಾಗ ನೀರಿನ ಜೊತೆ ಬ್ಲೀಚಿಂಗ್ ಪೌಡರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಟ್ಯಾಂಕು ತೊಳೆದು ಹಾಕಿದ್ದಾರಂತೆ. ಸೊಸೆ ಮೂಗು ಮುಚ್ಚಿಕೊಂಡು, ಈ ನೀರಿನಲ್ಲಿ ಕಾಫಿ ಮಾಡಿದರೆ ಕುಡಿಯುವುದು ಹೇಗೆ ಎಂದು ಗೊಣಗಿದಳು. ನಾನು ಚೊಂಬು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎಷ್ಟೋ ವರ್ಷಗಳ ಹಿಂದೆ ಇದೇ ವಾಸನೆ ಒಂದು ಇಡೀ ಬೀದಿಗೆ ಹಬ್ಬಿತ್ತು. ಶಿಕಾರಿಪುರದ ಬೀದಿ. ಅಲ್ಲಿ ನಮ್ಮ ಎದುರುಮನೆಯಲ್ಲಿ ಒಬ್ಬ ಅಕ್ಕ ಇದ್ದರು...

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನ ಯಜಮಾನರಿಗೆ ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ನಾನು ಉಳವಿ ಕಡೆಯ ಹುಡುಗಿ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮಡಿಲಲ್ಲಿ ಕೆಲವೇ ತಿಂಗಳ ಗಂಡುಮಗು. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ತವರಿನಲ್ಲಿ ಬಾಣಂತನ ಮುಗಿಸಿ ಬಂದ ಮೇಲೆ ಮಗುವಿನ ವಿಷಯ ಕೇಳಿಕೊಳ್ಳಲು ಮನೆಯಲ್ಲಿ ಹೆಣ್ಣುದಿಕ್ಕಿರಲಿಲ್ಲ. ಮಗು ಅತ್ತರೆ ನಾನೂ ಅಳುತ್ತಿದ್ದೆ.

ಹಾಗೆ ಇಬ್ಬರೂ ಅಳುತ್ತಿದ್ದ ಒಂದು ಮಧ್ಯಾಹ್ನ ಎದುರುಮನೆಯ ಅಕ್ಕ ಬೀದಿ ದಾಟಿ ಬಂದರು. ಕೈ ಇನ್ನೂ ಹಿಟ್ಟಾಗಿತ್ತು, ಸೆರಗಿಗೆ ಒರೆಸಿಕೊಳ್ಳುತ್ತಲೇ ಒಳಗೆ ಬಂದು, ಮಗುವಿನ ಹೊಟ್ಟೆಗೆ ನಾನು ಕಟ್ಟಿದ್ದ ಬಟ್ಟೆ ಬಿಚ್ಚಿದರು. ಅದು ಬಿಗಿಯಾಗಿತ್ತು, ಅಷ್ಟೇ. ಮಗು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

"ಕೂಸು ಅಳ್ತದೆ ಅಂತ ನೀನೂ ಅಳಬ್ಯಾಡ ತಂಗಿ. ಇಬ್ರೂ ಅಳ್ತಾ ಕೂತ್ರೆ ಸುಮ್ನಿರಿಸೋರು ಯಾರು?" ಎಂದರು.

ಅಂದಿನಿಂದ ನನ್ನ ಮಗುವಿಗೆ ಇಬ್ಬರು ತಾಯಂದಿರಾದರು ಎಂದರೆ ತಪ್ಪಲ್ಲ. ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿ ನೀರು ಹಾಕುವುದು, ತೇಯ್ದ ಬಜೆಯನ್ನು ಎಷ್ಟು ನೆಕ್ಕಿಸಬೇಕು ಎನ್ನುವುದು, ಯಾವ ಅಳು ಹಸಿವಿನದು ಯಾವುದು ನಿದ್ದೆಯದು ಎಂದು ಗೊತ್ತುಮಾಡುವುದು, ಎಲ್ಲ ಅವರಿಂದ ಕಲಿತದ್ದು. ಕಲಿಸುವಾಗ ಬೈಯುತ್ತಿದ್ದರು. ಬೈದು ಹೋದವರು ಅರ್ಧ ಗಂಟೆಯಲ್ಲಿ ಬಿಸಿ ರೊಟ್ಟಿ ತಂದಿಡುತ್ತಿದ್ದರು.

ಅವರ ಯಜಮಾನರಿಗೆ ಪೇಟೆಯಲ್ಲಿ ಹಗ್ಗ, ಗೋಣಿಚೀಲ, ಬಕೆಟ್ಟು ಮಾರುವ ಅಂಗಡಿ ಇತ್ತು. ಮಾತು ಕಡಿಮೆಯ ಮನುಷ್ಯ. ಮನೆಯ ಅಧಿಕಾರವೆಲ್ಲ ಅಕ್ಕನ ಅತ್ತೆಯದು. ಆ ಅತ್ತೆಯ ಮಡಿ ಬೀದಿಗೆಲ್ಲ ಗೊತ್ತಿತ್ತು. ಬೀದಿಯಲ್ಲಿ ಸ್ವಂತ ಬಾವಿ ಇದ್ದದ್ದು ಅವರ ಹಿತ್ತಲಿನಲ್ಲಿ ಮಾತ್ರ. ನಾವು ಉಳಿದವರೆಲ್ಲ ಬೀದಿಯ ಮೂಲೆಯಲ್ಲಿದ್ದ ಸರ್ಕಾರಿ ಬಾವಿಗೆ ಕೊಡ ಹಿಡಿದು ಹೋಗುತ್ತಿದ್ದೆವು. ಹಿತ್ತಲ ಬಾವಿಗೆ ಹೊರಗಿನವರ ಹಗ್ಗ ಇಳಿಯಬಾರದು ಎಂದು ಅತ್ತೆ ಕಟ್ಟುನಿಟ್ಟು ಮಾಡಿದ್ದರು. ಇಳಿಸುವ ದಾರಿಯೂ ಇರಲಿಲ್ಲ. ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಹಿತ್ತಲಿಗೆ ಹೋಗಬೇಕೆಂದರೆ ಜಗಲಿ ಹತ್ತಿ, ಪಡಸಾಲೆ ದಾಟಿ, ಅಡುಗೆಮನೆಯ ಬಾಗಿಲ ಮುಂದೆಯೇ ಹೋಗಬೇಕಿತ್ತು.

ಅಕ್ಕ ಪುರಸಭೆಯ ಮೆಂಬರಾದದ್ದು ಒಂದು ತಮಾಷೆಯ ಸಂಗತಿ. ಹೆಂಗಸರಿಗೆಂದು ಒಂದು ಸ್ಥಾನ ಇತ್ತು. ನಮ್ಮ ಕಡೆಯ ಎರಡು ಗುಂಪಿನವರು ಯಾರ ಮನೆಯವರು ನಿಲ್ಲಬೇಕೆಂದು ಜಗಳವಾಡಿ, ಕೊನೆಗೆ ಯಾವ ಗುಂಪಿಗೂ ಸೇರದ, ಎಲ್ಲರಿಗೂ ಬೇಕಾದ ಅಂಗಡಿಯವರ ಹೆಂಡತಿ ಇರಲಿ, ಸಭೆಗೆ ಬಂದು ಸುಮ್ಮನೆ ಕೂತುಹೋಗುತ್ತಾರೆ ಎಂದು ಒಪ್ಪಿಕೊಂಡರು. ಬೀದಿಯ ಜನ ನಗುತ್ತಲೇ ಅವರನ್ನು ಮೆಂಬರಮ್ಮ ಎಂದು ಕರೆಯತೊಡಗಿದರು. ಮೊದಲ ಸಭೆ ಮುಗಿಸಿ ಬಂದ ದಿನ ನಮ್ಮ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಾ ಹೇಳಿದ್ದರು.

"ಮದುವಿ ಮನ್ಯಾಗೆ ಬೀಗಿತ್ತೀನ ಕೂರಿಸ್ದಂಗೆ ಕೂರಿಸ್ತಾರೆ ತಂಗಿ. ಎಲ್ರಿಗಿಂತ ಮೊದ್ಲು ಚಾ ಕೊಡ್ತಾರೆ. ಏನೂ ಕೇಳಲ್ಲ."

ಒಂದಷ್ಟು ದಿನ ಹಾಗೇ ನಡೆಯಿತು. ಆಮೇಲೆ ಆಮೇಲೆ ಅವರೇ ಬಾಯಿ ಬಿಟ್ಟರು. ಶಾಲೆಯ ತಿರುವಿನಲ್ಲಿ ಸಂಜೆ ದೀಪ ಹಚ್ಚುವವನು ಬರುತ್ತಿಲ್ಲ ಎಂದರು, ಬಂದ. ಚರಂಡಿಯ ಮೇಲೆ ಒಡೆದುಹೋಗಿದ್ದ ಚಪ್ಪಡಿಗೆ ಮಕ್ಕಳ ಕಾಲು ಸಿಕ್ಕುತ್ತದೆ ಎಂದರು, ಬೇರೆ ಚಪ್ಪಡಿ ಬಿತ್ತು. ಇಂಥ ಸಣ್ಣ ಕೆಲಸಗಳಿಗೆ ಯಾರ ತಕರಾರೂ ಇರಲಿಲ್ಲ.

ಮಾರನೆಯ ವರ್ಷದ ಬೇಸಿಗೆ ಕೊನೆಗೆ ಬಂತು. ಮುಂಗಾರಿಗೆ ಮೊದಲಿನ ಒಂದೆರಡು ಜೋರು ಮಳೆ ಬಿದ್ದವು. ಅದಾದ ಮೇಲೆ ಬೀದಿಯ ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ಬೀದಿಯ ಕೊನೆಯಲ್ಲಿ ಕಲ್ಲು ಒಡೆಯುವ ಕೆಲಸದವರ ಮನೆಯೊಂದಿತ್ತು. ಅವರ ಹೆಣ್ಣುಕೂಸು ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿತ್ತು. ಅದು ಉಳಿಯಲಿಲ್ಲ. ಆ ತಾಯಿಯ ಅಳು ಬೀದಿಯ ಈ ತುದಿಯವರೆಗೂ ಕೇಳಿತು. ನಾನು ಬಾಗಿಲು ಹಾಕಿಕೊಂಡು ನನ್ನ ಮಗನನ್ನು ಎದೆಗೊತ್ತಿಕೊಂಡು ಕೂತಿದ್ದೆ. ಆಗ ಅವನಿಗೆ ವರ್ಷ ತುಂಬಿತ್ತು.

ಎರಡು ದಿನ ಕಳೆದು ನನ್ನ ಮಗನಿಗೂ ಶುರುವಾಯಿತು. ಯಜಮಾನರು ಸಾಹೇಬರ ಜೊತೆ ಹಳ್ಳಿಗಳ ಕಡೆ ಕ್ಯಾಂಪು ಹೋಗಿದ್ದರು. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಮಗುವಿನ ಕಣ್ಣು ಒಳಗೆ ಹೋಗಿ, ಚರ್ಮ ಹಿಡಿದರೆ ಹಿಡಿದ ಹಾಗೇ ನಿಲ್ಲುವಂತಾಯಿತು. ನಾನು ಕೂಗಿದೆನೋ ಇಲ್ಲವೋ ತಿಳಿಯದು. ಅಕ್ಕ ಬಂದು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ಕಡೆ ಹೊರಟೇಬಿಟ್ಟರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ತಲೆಯ ಮೇಲೆ ಸೆರಗಿರಲಿಲ್ಲ. ಅವರನ್ನು ಹಾಗೆ ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ.

ಡಾಕ್ಟರು ಔಷಧಿ ಕೊಟ್ಟರು. ಇದು ನೀರಿನಿಂದ ಬಂದದ್ದು, ನಿಮ್ಮ ಬೀದಿಯಿಂದಲೇ ಹೆಚ್ಚು ಮಕ್ಕಳು ಬರುತ್ತಿದ್ದಾರೆ, ಆ ಬಾವಿಯ ನೀರು ಮುಟ್ಟಬೇಡಿ ಎಂದರು. ಅಕ್ಕ ಮಗುವನ್ನು ತಮ್ಮ ಮನೆಗೇ ಕರೆದುಕೊಂಡು ಹೋದರು. ಹಿತ್ತಲ ಬಾವಿಯ ನೀರು ಕುದಿಸಿ, ಗಂಜಿ ಬೇಯಿಸಿ, ಅದರ ತಿಳಿಗೆ ಉಪ್ಪು ಹಾಕಿ ಒಳಲೆಯಲ್ಲಿ ಗುಟುಕು ಗುಟುಕಾಗಿ ಹಾಕಿದರು. ಮಗು ಕಕ್ಕಿತು. ಮತ್ತೆ ಹಾಕಿದರು. ರಾತ್ರಿಯಿಡೀ ಒಳಲೆಯನ್ನು ನನ್ನ ಕೈಗೆ ಕೊಡಲಿಲ್ಲ. ಮರುದಿನ ಬೆಳಗ್ಗೆ ಮಗ ಕಣ್ಣು ಬಿಟ್ಟು, ನನ್ನನ್ನು ಹುಡುಕಿ, ಹಾಲಿಗೆ ಬಾಯಿ ಹಾಕಿದ. ಅಕ್ಕ ಗೋಡೆಗೆ ಒರಗಿ ಕೂತಿದ್ದವರು ಒಳಲೆಯನ್ನು ನೆಲದ ಮೇಲಿಟ್ಟು ಎದ್ದು ಸ್ನಾನಕ್ಕೆ ಹೋದರು. ಅಲ್ಲಿಂದ ನೇರ ಪುರಸಭೆಗೆ.

ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಮೂಲೆಯ ಬಾವಿ ಮುಚ್ಚಿಸಿ ಎಂದು ಕೇಳಿದರಂತೆ. ಬಾವಿಯ ಪಕ್ಕದ ಅರಳಿಮರದ ಬೇರು ಒಳಗಿನ ಕಲ್ಲುಕಟ್ಟನ್ನು ಸಡಿಲಿಸಿತ್ತು. ಮಳೆಯಲ್ಲಿ ಚರಂಡಿ ನೀರು ಅಲ್ಲಿಂದ ಜಿನುಗಿರಬೇಕು. ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಕೆರೆ ಬತ್ತಿರುವ ಈ ದಿನಗಳಲ್ಲಿ ಬಾವಿ ಮುಚ್ಚಿದರೆ ಅಷ್ಟು ಮನೆಯವರು ಕುಡಿಯುವುದೇನು ಎಂದು ಅಧ್ಯಕ್ಷರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೆ ಅಕ್ಕ, ನಮ್ಮ ಹಿತ್ತಲ ಬಾವಿಯಿಂದ ಕುಡಿಯುತ್ತಾರೆ ಎಂದುಬಿಟ್ಟರು. ಮನೆಯಲ್ಲಿ ಒಂದು ಮಾತು ಕೇಳಿರಲಿಲ್ಲ.

ಅವರು ತಿರುಗಿ ಬಂದಾಗ ನಾನು ಮಗುವಿನ ಜೊತೆ ಆ ಪಡಸಾಲೆಯಲ್ಲೇ ಇದ್ದೆ. ಅಕ್ಕ ಅತ್ತೆಯ ಮುಂದೆ ನಿಂತು ವಿಷಯ ಹೇಳಿದರು. ಅಂಗಡಿಯಿಂದ ಊಟಕ್ಕೆ ಬಂದಿದ್ದ ಅವರ ಯಜಮಾನರು ಕೈ ತೊಳೆದವರು ಹಾಗೇ ನಿಂತರು.

"ಈ ಪಡಸಾಲಿ ಮ್ಯಾಲೆ ಊರಿಗೆ ಊರೇ ನಡದಾಡ್ಬೇಕಾ?" ಅತ್ತೆ ಕೇಳಿದರು. ಧ್ವನಿ ಏರಿಸಲಿಲ್ಲ.

"ಊರಲ್ಲ ಅತ್ತಿ. ನಮ್ಮ ಬೀದಿ."

"ನಾನೆಲ್ಲಿಗೆ ಹೋಗ್ಲಿ ಹಂಗಾರೆ?"

ಅಕ್ಕ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಅವರು ಕಣ್ಣೀರು ಒರೆಸಿಕೊಂಡದ್ದನ್ನು ನಾನು ಆವತ್ತೇ ಮೊದಲು ಕಂಡದ್ದು. ಅಕ್ಕನ ಯಜಮಾನರು ಯಾರ ಪರವಾಗಿಯೂ ಮಾತಾಡಲಿಲ್ಲ. ಊಟವನ್ನೂ ಮಾಡಲಿಲ್ಲ. ಅಂಗಡಿಗೆ ಹೋಗಿ, ಸಂಜೆಗೆ ಮುಂಚೆ ಹೊಸ ಹಗ್ಗದ ಸುರುಳಿ ಮತ್ತು ಇನ್ನೊಂದು ರಾಟೆ ತಂದು ಬಾವಿಗೆ ಕಟ್ಟಿದರು. ಅದೇ ಅವರ ಮಾತು.

ಮರುದಿನ ಅತ್ತೆ ಸೀರೆ ಗಂಟು ಕಟ್ಟಿಕೊಂಡು ಸೊರಬದ ಮಗಳ ಮನೆಗೆ ಹೊರಟರು. ಅಕ್ಕ ಗಂಟು ಹೊತ್ತುಕೊಂಡು ಬಸ್ಸಿನವರೆಗೂ ಹಿಂದೆ ಹಿಂದೆ ನಡೆದರು. ಮೆಂಬರಗಿರಿಗೋಸ್ಕರ ಅತ್ತೆಯನ್ನು ಮನೆ ಬಿಡಿಸಿದಳು ಎಂಬ ಮಾತು ಅಂದೇ ಹುಟ್ಟಿತು. ಮೂಲೆಯ ಬಾವಿಯ ಬಾಯಿಗೆ ಹಲಗೆ ಬಿದ್ದು, ಮೇಲೆ ಮುಳ್ಳು ಹೇರಿದ ಮೇಲೆ ಇನ್ನೂ ಕೆಲವರು ಮುಖ ತಿರುಗಿಸಿದರು. ಅರಿಶಿನ ಕುಂಕುಮಕ್ಕೆ ಕರೆಯುವವರು ಕರೆಯಲಿಲ್ಲ. ಅವರ ಮನೆಯ ಮೆಟ್ಟಿಲು ಹತ್ತಲಾರೆವೆಂದು ದೂರದ ಓಣಿಗೆ ಕೊಡ ಹೊತ್ತು ಹೋದವರಿದ್ದರು. ಅಕ್ಕನಿಗೆ ಇದೆಲ್ಲ ನಾಟುತ್ತಿತ್ತು. ಆದರೆ ಬಾಗಿಲು ಬೆಳಗಿನಿಂದ ಸಂಜೆವರೆಗೆ ತೆರೆದೇ ಇರುತ್ತಿತ್ತು.

ಮೊದಲು ಹೋದವಳು ನಾನು. ನನ್ನ ಹಿಂದೆ ಬಂದವಳು, ಮಗುವನ್ನು ಕಳೆದುಕೊಂಡ ಆ ಕಲ್ಲು ಒಡೆಯುವವರ ಮನೆಯ ಹೆಂಗಸು. ಅವಳಿಗೆ ಇನ್ನೂ ಒಬ್ಬ ಮಗನಿದ್ದ. ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ಜಗಲಿಯ ಕೆಳಗೇ ನಿಂತಿದ್ದಳು. ಅಂಥ ಮನೆಯೊಂದರ ಒಳಗೆ ಅವಳು ಅದುವರೆಗೆ ಕಾಲಿಟ್ಟವಳಲ್ಲ. ಯಾರಾದರೂ ಹೊರಗೇ ತಂದು ಸುರಿಯುತ್ತಾರೆ ಎಂದು ಕಾಯುತ್ತಿದ್ದಳು. ಅಕ್ಕ ಹೊರಗೆ ಬಂದು ಅವಳ ಮಣಿಕಟ್ಟು ಹಿಡಿದುಕೊಂಡರು.

"ಬಾ ಒಳಗೆ. ನೀರು ಒಳಗೈತೆ" ಎಂದರು.

ಅವಳು ಪಡಸಾಲೆಯನ್ನು ಗೋಡೆಗೆ ಒತ್ತಿಕೊಂಡೇ ದಾಟಿದಳು, ನೆಲ ಸವೆಸಿಬಿಡುತ್ತೇನೋ ಎನ್ನುವವಳ ಹಾಗೆ...

ಮೆಲ್ಲಗೆ ಉಳಿದವರೂ ಬಂದರು. ಮಕ್ಕಳಿರುವ ಮನೆಯವರು ಎಷ್ಟು ದಿನ ಹಟ ಹಿಡಿಯಲಾದೀತು? ನೀರಿಗೆ ಬಂದವರ ಕಂಕುಳಿನ ಕೂಸುಗಳನ್ನು ಅಕ್ಕ ಒಂದೊಂದಾಗಿ ಇಳಿಸಿಕೊಂಡು ನೋಡುತ್ತಿದ್ದರು. ಈ ಕೂಸಿಗೆ ಕಿವಿ ಸೋರುತ್ತಿದೆ, ಇದಕ್ಕೆ ಇನ್ನೂ ಅನ್ನ ಯಾಕೆ ಶುರುಮಾಡಿಲ್ಲ, ನೀರು ಕುದಿಸಿದೆಯೋ ಇಲ್ಲವೋ ನನ್ನ ಮುಖ ನೋಡಿ ಹೇಳು ಎಂದು ವಿಚಾರಣೆ ನಡೆಯುತ್ತಿತ್ತು. ಆ ಹಿತ್ತಲಲ್ಲಿ ಎಷ್ಟು ನಕ್ಕಿದ್ದೇವೆ! ಗಂಡಂದಿರ ಮೇಲಿನ ದೂರುಗಳೆಲ್ಲ ಅಲ್ಲೇ ಇತ್ಯರ್ಥವಾಗುತ್ತಿದ್ದವು. ಆ ಬೇಸಿಗೆಯಲ್ಲಿ ಆಮೇಲೆ ನಮ್ಮ ಬೀದಿಯಿಂದ ಇನ್ನೊಂದು ಮಗು ಹೋಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆ ತಾವಾಗಿಯೇ ಬಸ್ಸಿಳಿದು ಬಂದರು. ಬೇರೆಯವರು ಬರುವ ಮೊದಲೇ ಮಗನ ಕೈಯಲ್ಲಿ ಒಂದು ಕೊಡ ನೀರು ಸೇದಿಸಿ ತಮ್ಮ ಮೂಲೆಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ನಾವು ಹೆದರಿ ಹೆದರಿ ಹೋಗಿಬರುತ್ತಿದ್ದೆವು. ಒಂದು ದಿನ ಆ ಕಲ್ಲು ಒಡೆಯುವವರ ಮನೆಯ ಹೆಂಗಸು ನೀರು ಸೇದುತ್ತಿದ್ದಾಗ ಹಗ್ಗ ಜಾರಿತು. ಒಳಗಿನಿಂದ ಅತ್ತೆಯ ಧ್ವನಿ ಬಂತು. "ಹಗ್ಗ ಹಂಗೆ ಹಿಡಿತಾರೇನೇ? ಕೈ ಸುಟ್ಕಂತೀಯ. ಒಂದ್ ಸುತ್ತು ಹಾಕ್ಕೋ."

ಅಕ್ಕ ಒಲೆಯ ಮುಂದೆ ಕೂತಿದ್ದರು. ತಲೆ ಎತ್ತಿ ನನ್ನನ್ನು ನೋಡಿದರು. ಅಷ್ಟೇ. ಅತ್ತೆಯ ಒಪ್ಪಿಗೆ ನಮಗೆ ಸಿಕ್ಕಿದ್ದು ಹಾಗೆ.

ಮುಂದಿನ ಬೇಸಿಗೆಯಲ್ಲಿ ಪುರಸಭೆಯವರು ಅರಳಿಮರದ ಬೇರು ಕಡಿಸಿ, ಬಾವಿಯ ಹೂಳೆತ್ತಿಸಿ, ಕಲ್ಲುಕಟ್ಟು ಹೊಸದಾಗಿ ಮಾಡಿಸಿ, ಬ್ಲೀಚಿಂಗ್ ಪೌಡರು ಹಾಕಿಸಿದರು. ಬೀದಿಗೆಲ್ಲ ಆ ವಾಸನೆ ಹಬ್ಬಿದ್ದು ಆಗಲೇ. ಅಧ್ಯಕ್ಷರೇ ಬಂದು ಮೊದಲ ಕೊಡ ಎತ್ತಿಸಿದರು. ಅದರ ನಂತರದ ಚುನಾವಣೆಗೆ ಅಕ್ಕನ ಹೆಸರು ಬರಲಿಲ್ಲ. ಸುಮ್ಮನೆ ಕೂರುವವರು ಬೇಕಾಗಿತ್ತೇನೋ. ಬೇಸರವಾಯಿತೇ ಎಂದು ನಾನು ಕೇಳಿದ್ದಕ್ಕೆ, "ಆಗಿಲ್ಲ ಅಂದ್ರೆ ಸುಳ್ಳಾಗ್ತದೆ ತಂಗಿ. ಇನ್ನಾ ಸ್ವಲ್ಪ ಕೆಲಸ ಇತ್ತು" ಎಂದಿದ್ದರು.

ನನ್ನ ಯಜಮಾನರಿಗೆ ಸೊರಬಕ್ಕೆ ವರ್ಗವಾಯಿತು. ನಾವು ಸಾಮಾನು ಕಟ್ಟಿದ ದಿನ ಅಕ್ಕ ನನ್ನ ಮಗನಿಗೆ ತಾವೇ ಸ್ನಾನ ಮಾಡಿಸಿ, ಕಾಡಿಗೆ ಹಚ್ಚಿ ಕಳಿಸಿದರು. ಆಮೇಲೆ ಮದುವೆ ಮುಂಜಿಗಳಲ್ಲಿ ಸಿಕ್ಕರು. ನನ್ನ ಮಗನ ಮದುವೆಗೆ ಬಂದು, ಬಂದವರಿಗೆಲ್ಲ ಇವನು ನನ್ನ ಕೂಸು ಎಂದು ಹೇಳಿಕೊಂಡು ಓಡಾಡಿದರು. ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟಿದಾಗ ಹದಿಮೂರನೆಯ ದಿನವೂ ಕಳೆದುಹೋಗಿತ್ತು...

ಇದನ್ನೆಲ್ಲ ಮೊನ್ನೆ ಮಗನಿಗೆ ಹೇಳಿದೆ. ಹಿಂದೆಯೂ ತುಣುಕು ತುಣುಕಾಗಿ ಹೇಳಿದ್ದೆ, ಇಡಿಯಾಗಿ ಹೇಳಿದ್ದು ಇದೇ ಮೊದಲು. ಅವನು ಮಾಸ್ತರಿಕೆಯಿಂದ ನಿವೃತ್ತನಾಗಿ ಎಷ್ಟೋ ವರ್ಷವಾಯಿತು. ಹೋಗಿ ನೋಡಿಕೊಂಡು ಬರೋಣ ಎಂದ. ಭಾನುವಾರ ಶಿಕಾರಿಪುರಕ್ಕೆ ಹೋದೆವು. ಆ ಮನೆಯ ಜಾಗದಲ್ಲಿ ಮಹಡಿ ಕಟ್ಟಡ ಎದ್ದಿದೆ. ಕೆಳಗೆ ಮೊಬೈಲ್ ಅಂಗಡಿ, ಮೇಲೆ ಬಾಡಿಗೆಯವರು. ಅಕ್ಕನ ಮನೆಯವರು ಅದನ್ನು ಮಾರಿ ಹೋದದ್ದು ಯಾವಾಗ, ಎಲ್ಲಿಗೆ ಎಂದು ಅಂಗಡಿಯ ಹುಡುಗಿಗೆ ಗೊತ್ತಿರಲಿಲ್ಲ. ಅವಳು ಪಾಪ, ನನ್ನ ವಯಸ್ಸು ನೋಡಿ ಕುರ್ಚಿ ಹಾಕಿ ಕೂರಿಸಿದಳು.

"ಅವ್ರು ನೋಡಕ್ಕೆ ಹೆಂಗಿದ್ರಮ್ಮ?" ಮಗ ಕೇಳಿದ. ಮದುವೆಯ ಗದ್ದಲದಲ್ಲಿ ನೋಡಿದ್ದು ಅವನಿಗೆ ನೆನಪಿಲ್ಲ. ಆ ಫೋಟೋಗಳಲ್ಲೂ ಅವರು ಎಲ್ಲೂ ಇಲ್ಲ.

ಹೇಳಲು ಹೊರಟೆ. ಅವರ ಧ್ವನಿ ಕಿವಿಯಲ್ಲಿತ್ತು. ಬಳೆ ಏರಿಸಿಕೊಂಡು ಕೆಲಸಕ್ಕೆ ಕೂರುತ್ತಿದ್ದ ಕೈ ಕಣ್ಣಿಗೆ ಕಟ್ಟಿತ್ತು. ಆದರೆ ಮುಖ... ಎಷ್ಟು ಪ್ರಯತ್ನಪಟ್ಟರೂ ಅದು ಪೂರ್ತಿ ಬರಲಿಲ್ಲ. ಅರವತ್ತಕ್ಕೂ ಹೆಚ್ಚು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ ಎಂದುಕೊಂಡದ್ದು ನನಗೆ ತಿಳಿಯದ ಹಾಗೆ ಯಾವಾಗಲೋ ಜಾರಿಹೋಗಿತ್ತು.

ಮಗ ನನ್ನ ಉತ್ತರಕ್ಕೆ ಕಾಯುತ್ತಾ ಎದುರಿಗೆ ನಿಂತಿದ್ದ. ತಲೆ ಪೂರ್ತಿ ನರೆತಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಇಷ್ಟು ವಯಸ್ಸಾಗುವವರೆಗೆ ಅವನು ಬದುಕಿರುವುದನ್ನು ನಾನು ನೋಡುತ್ತಾ ಕೂತೆ.

"ಮುಖ ನೆನಪಾಗ್ತಿಲ್ಲ ಮಗ" ಎಂದೆ. "ನೀನೊಂದ್ಸಲ ಇಲ್ಲಿ ಕೈ ಮುಗಿ, ಸಾಕು."

ಅವನು ಚಪ್ಪಲಿ ಬಿಟ್ಟು, ಆ ಅಂಗಡಿಯ ಮುಂದೆ ನಡುಬೀದಿಯಲ್ಲಿ ನಿಂತು ಕೈ ಮುಗಿದ.