ಖಣಕ್ಕೆ ಕತ್ತರಿ ಹಾಕಿದ ಚಾಚಿ

ಚಾಚಿಯ ಮುಂದಿನ ಹಲ್ಲಿಗೆ ಒಂದು ಕಚ್ಚು ಬಿದ್ದಿತ್ತು. ಮೆಷಿನ್ನಿನ ಮುಂದೆ ಕೂತು ದಾರ ಕಡಿದು ಕಡಿದು ಆದ ಕಚ್ಚು ಅದು. ಕತ್ತರಿ ಪಕ್ಕದಲ್ಲೇ ಬಿದ್ದಿದ್ದರೂ ಅವಳಿಗೆ ಹಲ್ಲೇ ಆಗಬೇಕು. “ಕತ್ತರಿ ಹುಡುಕೂದ್ರಾಗ ಇನ್ನೊಂದು ಗುಂಡಿ ಹಚ್ಚಿರ್ತೇನಿ” ಎನ್ನುತ್ತಿದ್ದಳು. ನಕ್ಕರೆ ಮೊದಲು ಕಾಣುತ್ತಿದ್ದದ್ದು ಆ ಕಚ್ಚೇ, ಮತ್ತು ನಗುವುದಕ್ಕೆ ಅವಳಿಗೆ ದೊಡ್ಡ ಕಾರಣವೇನೂ ಬೇಕಿರಲಿಲ್ಲ.

ಮುದ್ದೇಬಿಹಾಳದಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಓಣಿಯ ಹೆಂಗಸರ ಜಂಪರೆಲ್ಲ ಅವಳೇ ಹೊಲಿಯುತ್ತಿದ್ದಳು. ರಕ್ತಸಂಬಂಧ ಅಂತ ಏನೂ ಇಲ್ಲ, ಅವರು ಮುಸಲ್ಮಾನರು. ಆದರೆ ನನ್ನನ್ನು ಬೈಯುವ ಹಕ್ಕು ಅವ್ವನಿಗಿಂತ ಅವಳಿಗೇ ಹೆಚ್ಚಿತ್ತು, ಅದನ್ನು ಧಾರಾಳವಾಗಿ ಬಳಸುತ್ತಲೂ ಇದ್ದಳು.

ಪ್ಲಾಸ್ಟಿಕ್ ಚೀಲ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಉರಿಯದೆ ಏನು? ಮಳೆ ಬಂದರೆ ಓಣಿಯ ಗಟಾರ ಕಟ್ಟಿ, ನೀರು ಸೀದಾ ಅವಳ ಹೊಸ್ತಿಲು ದಾಟಿ ಮೆಷಿನ್ನಿನ ಕಾಲಿಗೆ ಬರುತ್ತಿತ್ತು. ಕೋಲು ಹಾಕಿ ಎಳೆದರೆ ಬರುವುದೆಲ್ಲ ಕ್ಯಾರಿಬ್ಯಾಗು. “ಟೊಮ್ಯಾಟೊಕ್ಕ ಒಂದು ಚೀಲ, ಕೊತ್ತಂಬರಿಗೆ ಒಂದು ಚೀಲ. ನಾಚಿಕಿ ಬರೂದಿಲ್ಲೇನು ನಿಮಗ?” ಎಂದು ಇಡೀ ಓಣಿಗೆ ಕೇಳುವಂತೆ ಬೈದು, ಬೈದದ್ದು ಸಾಲದೆಂದು ಬಟ್ಟೆಯ ಚೀಲ ಹೊಲಿಯಲು ಕೂತಳು.

ಬಟ್ಟೆಗೆ ನಮ್ಮ ಕಡೆ ಬರವಿಲ್ಲ. ಮದುವೆಗೆ ಹೋಗಲಿ, ಬಸುರಿಯ ಕುಬಸಕ್ಕೆ ಹೋಗಲಿ, ಹೆಂಗಸರ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುತ್ತಾರೆ. ಮೇಲೊಂದು ಜಂಪರಿನ ಖಣ, ರವಿಕೆಯ ಬಟ್ಟೆ, ಇಡುತ್ತಾರೆ. ಆ ಖಣ ಯಾರ ಮೈಗೂ ಸಾಲುವುದಿಲ್ಲ. ಟ್ರಂಕಿನಲ್ಲಿ ಕೆಲವು ದಿನ ಮಲಗಿ, ಮುಂದಿನ ಮದುವೆಯಲ್ಲಿ ಇನ್ನೊಬ್ಬಳ ಉಡಿ ಸೇರುತ್ತದೆ. ಇಂಡಿಯಲ್ಲಿ ಕೊಟ್ಟದ್ದು ಬಾಗೇವಾಡಿ ಸುತ್ತಿಕೊಂಡು ಮತ್ತೆ ಇಂಡಿಗೇ ಬಂದರೂ ಯಾರೂ ಬಾಯಿ ಬಿಡುವುದಿಲ್ಲ. ಚಾಚಿ ಅವ್ವನ ಟ್ರಂಕು ತೆಗೆಸಿದಳು. ಎರಡೆರಡು ಖಣ ಜೋಡಿಸಿ, ಗಟ್ಟಿ ಹಿಡಿಕೆ ಹಚ್ಚಿ, ಚೀಲ ಹೊಲಿದು ಮನೆಮನೆಗೂ ಹಂಚಿದಳು.

ಚೀಲವೇನೋ ಬಂತು, ಒಯ್ಯುವ ನೆನಪು ಬರಬೇಕಲ್ಲ. ನಮ್ಮಪ್ಪನಿಗೆ ಚೀಲ ನೆನಪಾಗುತ್ತಿದ್ದದ್ದು ಬದನೆಕಾಯಿ ತೂಗಿಸಿದ ಮೇಲೆಯೇ. ಕಡೆಗೆ ಚಾಚಿ ಒಂದು ಉಪಾಯ ಮಾಡಿದಳು. ಚೀಲವನ್ನು ಸಣ್ಣಗೆ ಮಡಚಿ ಅಪ್ಪನ ಚಪ್ಪಲಿಯೊಳಗೆ ತುರುಕಿಟ್ಟಳು. “ಅಣ್ಣಾರು ಏನ್ ಮರೆತ್ರೂ ಚಪ್ಪಲಿ ಮರೆಯೂದಿಲ್ಲ” ಎಂದಳು. ಉಪಾಯ ಫಲಿಸಿತು. ಓಣಿಯ ಗಂಡಸರೆಲ್ಲ ಚಪ್ಪಲಿ ಮೆಟ್ಟುವ ಮುಂಚೆ ಬಗ್ಗಿ ಚೀಲ ಎತ್ತಿಕೊಳ್ಳುವುದನ್ನು ನೋಡಿ ನಾವು ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದೆವು.

ಆಗಲೇ ನನ್ನ ಮದುವೆ ನಿಶ್ಚಯವಾಗಿತ್ತು. ಹುಡುಗ ಸಿಂದಗಿಯವನು. ನನಗೆ ಅವನು ಬಹಳ ಮನಸ್ಸಿಗೆ ಬಂದಿದ್ದ, ಇದನ್ನು ಹೇಳಲು ಈಗೇನು ನಾಚಿಕೆ. ನಿಶ್ಚಯದ ದಿನ ಅವನ ತಾಯಿ ನಮ್ಮವ್ವನಿಗೆ ಉಡಿ ತುಂಬಿ, ಕೆಂಪು ಅಂಚಿನ ಹಸಿರು ಖಣ ಇಟ್ಟಿದ್ದರು. ಅದೂ ಟ್ರಂಕು ಸೇರಿ, ಉಳಿದವುಗಳ ಜೊತೆ ಚಾಚಿಯ ಕೈ ಸೇರಿತ್ತು. ಅವ್ವ ನೋಡಿರಲಿಲ್ಲ, ಚಾಚಿಗೆ ಗೊತ್ತಿರಲಿಲ್ಲ.

ಮದುವೆಯ ಜವಳಿ ತರುವ ಮಾತಾಡಲೆಂದು ಹುಡುಗನ ತಾಯಿ, ನಮ್ಮ ಬೀಗತಿ, ಒಂದು ದಿನ ಮನೆಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ಅಪ್ಪನ ಚಪ್ಪಲಿಯೊಳಗಿಂದ ಕೆಂಪು ಅಂಚು ಇಣುಕುತ್ತಿತ್ತು.

“ಇದು ನಾ ಉಡಿ ತುಂಬಿದ ಖಣ ಅಲ್ಲೇನ್ರಿ?”

ಅವ್ವನ ಮುಖ ಬಿಳಚಿಕೊಂಡಿತು. ಉಡಿಯ ಖಣಕ್ಕೆ ಅಪ್ಪಿತಪ್ಪಿ ಕಾಲು ತಾಕಿದರೂ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಅಂಥದ್ದು ಹೋಗಿ ಹೋಗಿ ಚಪ್ಪಲಿಯಲ್ಲಿ.

“ನನ್ನ ಉಡೀನ ಕಾಲಾಗ ಹಾಕ್ಯಾರ ಅಂದಮ್ಯಾಲ ಇನ್ನೇನು ಮಾತೈತ್ರಿ” ಎಂದು ಬೀಗತಿ ಹೊಸ್ತಿಲಲ್ಲೇ ತಿರುಗಿದರು. ನಾನು ಚಹದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮುಗಿಯಿತು ನನ್ನ ಮದುವೆ ಎಂದುಕೊಂಡೆ. ಹಿಡಿದ ತಟ್ಟೆ ವಾಲಿ ಚಹವೆಲ್ಲ ಚೆಲ್ಲಿತು.

ಗೋಡೆಯಾಚೆ ಎಲ್ಲ ಕೇಳಿಸಿರಬೇಕು, ಚಾಚಿ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದಳು.

“ಹೊಲಿದಾಕಿನೂ ನಾನು, ಚಪ್ಪಲ್ಯಾಗ ಇಟ್ಟಾಕಿನೂ ನಾನು. ಈ ಮನಿಯವರಿಗೆ ಏನೂ ಅನಬ್ಯಾಡ್ರಿ. ಇಟ್ಟದ್ದು ತಪ್ಪಾತು, ಕೈ ಮುಗೀತೇನಿ.” ಚೀಲ ಎತ್ತಿ, ತನ್ನ ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡಳು.

ಬೀಗತಿ ಬಿಡಲಿಲ್ಲ. “ಖಣ ಕತ್ತರಿಸಿ ಬದನಿಕಾಯಿ ಚೀಲ ಮಾಡಿದ್ದು ತಪ್ಪಲ್ಲೇನು?”

“ಅದು ತಪ್ಪಲ್ರಿ” ಎಂದಳು ಚಾಚಿ, ಮೆಲ್ಲಗೆ. “ಕತ್ತರಿ ಹಾಕದ ಇದ್ದಿದ್ರ ಇಷ್ಟೊತ್ತಿಗೆ ಅದು ಮತ್ತೊಬ್ಬರ ಉಡ್ಯಾಗ ಇರ್ತಿತ್ತು. ಈಗ ಯಾರಿಗೂ ದಾಟಸಾಕ ಬರೂದಿಲ್ಲ. ನೀವು ಕೊಟ್ಟದ್ದು ಈ ಮನ್ಯಾಗನ ಉಳದೈತಿ.”

ಬೀಗತಿ ಚೀಲವನ್ನು ಕೈಗೆ ತೆಗೆದುಕೊಂಡರು. ಹೊಲಿಗೆ ನೋಡಿದರು, ಹಿಡಿಕೆ ಜಗ್ಗಿ ನೋಡಿದರು. ಆಮೇಲೆ ಅವರ ತುಟಿ ಅಲುಗಿತು.

“ಖರೇ ಹೇಳ್ಲೇನ್ರಿ? ಇದನ್ನ ನನಗೂ ಯಾರೋ ಕೊಟ್ಟಿದ್ದರು.”

ಚಾಚಿ ಹಲ್ಲಿನ ಕಚ್ಚು ಕಾಣುವಂತೆ ನಕ್ಕಳು, ಬೀಗತಿ ನಕ್ಕರು, ಅವ್ವ ಅಳುತ್ತಲೇ ನಕ್ಕಳು. ನಾನು ಒಳಗೆ ಹೋಗಿ ಬೇರೆ ಚಹ ಇಟ್ಟೆ.

ಅಂದಿನಿಂದ ಚೀಲಗಳು ಬಾಗಿಲ ಚಿಲಕಕ್ಕೆ ತೂಗತೊಡಗಿದವು. ಮದುವೆಗೆ ಮುಂಚೆ ಸಿಂದಗಿಯಿಂದ ಬೀಗತಿಯ ಟ್ರಂಕೇ ಬಸ್ಸಿನಲ್ಲಿ ಚಾಚಿಯ ಮನೆಗೆ ಬಂತು. ಬಂದವರಿಗೆಲ್ಲ ಖಣದ ಚೀಲದಲ್ಲೇ ತಾಂಬೂಲ ಕೊಟ್ಟೆವು. ಈಗ ಸಿಂದಗಿಯ ಸಂತೆಯಲ್ಲಿ ನನ್ನ ಅತ್ತೆ ಚಾಚಿಗಿಂತ ಜೋರು. ಪ್ಲಾಸ್ಟಿಕ್ ಚೀಲ ಹಿಡಿದವರು ಅವರನ್ನು ಕಂಡರೆ ಬೇರೆ ಸಾಲಿಗೆ ಹೋಗುತ್ತಾರೆ. ನಮ್ಮ ಓಣಿಯ ಹೊಸ ಸೊಸೆಯರು ಟ್ರಂಕಿನ ಖಣ ತಂದು ತಾವೇ ಚೀಲ ಹೊಲಿಯುತ್ತಿದ್ದಾರೆ. ನೋಡಿದರೆ ಜೀವಕ್ಕೆ ಖುಷಿಯಾಗುತ್ತದೆ. ನನ್ನ ಸಂಸಾರ, ನನ್ನ ಮಕ್ಕಳು, ಎಲ್ಲ ಅವಳು ಅವತ್ತು ಓಡಿಬಂದು ಉಳಿಸಿಕೊಟ್ಟದ್ದು.

ಹೋದ ವರ್ಷ ಚಾಚಿ ತೀರಿಕೊಂಡಳು. ಮೊಣಕಾಲು ನೋವಿದ್ದರೂ ಅತ್ತೆ ಹಟ ಮಾಡಿ ನನ್ನ ಜೊತೆ ಬಸ್ಸು ಹತ್ತಿದರು. ಚಾಚಿಯ ಮನೆ ತುಂಬ ಆಲಮೇಲದ ಅವಳ ತವರಿನವರು. ಪರಿಚಯವಿಲ್ಲದ ಒಬ್ಬ ಹಿರಿಯಳು ಅತ್ತೆಯ ಹಣೆಯ ಕುಂಕುಮ ನೋಡಿ, ದನಿ ತಗ್ಗಿಸಿ ಕೇಳಿದಳು: “ನೀವು ಆಕಿಗೆ ಏನಾಗಬೇಕ್ರಿ?”

ಹೇಗೆ ಬಿಡಿಸಿ ಹೇಳುವುದೆಂದು ನಾನು ತಡವರಿಸುತ್ತಿದ್ದೆ.

“ಬೀಗತಿ” ಎಂದರು ಅತ್ತೆ.

ಆ ಹಿರಿಯಳು ಚಾಪೆಯ ಮೇಲೆ ಸರಿದು, ಅತ್ತೆಗೆ ಚಾಚಿಯ ಮಗ್ಗುಲಲ್ಲೇ ಜಾಗ ಬಿಟ್ಟಳು.